ಬೆಲ್ಲದ ವ್ಯಾಪಾರಿಯ ಹೆಂಡತಿಯ ತೋಳು

"ಗುರುಗಳೇ, ಮೈಯೇನೋ ಇಳಿಯಿತು. ತೋಳು ಮಾತ್ರ ಜೋತುಬಿದ್ದಿದೆ. ಇದನ್ನು ಬಿಗಿ ಮಾಡಿಕೊಳ್ಳುವುದು ಹೇಗೆ?"

ಹೀಗೆಂದು ಕೇಳಿದವಳು ಚೆನ್ನಾಜಮ್ಮ. ಮಠದ ದಾಸೋಹಕ್ಕೆ ತರಕಾರಿ ಹೆಚ್ಚಲು ಬರುವ ಹೆಂಗಸರಲ್ಲಿ ಅವಳೂ ಒಬ್ಬಳು. ಒಂದು ಕಾಲಕ್ಕೆ ಅವಳು ನೆಲಕ್ಕೆ ಕೂತರೆ ಮತ್ತೊಬ್ಬರು ಕೈ ಕೊಟ್ಟು ಎಬ್ಬಿಸಬೇಕಾಗಿತ್ತು. ಬಾಯಿ ಕಟ್ಟಿ, ಬೆವರು ಸುರಿಸಿ, ಈಗ ಅರ್ಧದಷ್ಟಾಗಿದ್ದಳು. ಆದರೂ ಉದ್ದ ತೋಳಿನ ರವಿಕೆಯನ್ನು ಬಿಟ್ಟಿರಲಿಲ್ಲ. ಬಿರು ಬೇಸಿಗೆಯಲ್ಲೂ ಸೆರಗು ಹೊದ್ದೇ ಇರುತ್ತಿದ್ದಳು. ಗುರುಗಳ ಮುಂದೆ ಆಡಬಾರದ ಮಾತನ್ನು ಆಡಿದೆನೇನೋ ಎಂದು ಅವಳು ತಲೆ ತಗ್ಗಿಸಿದಳು.

ಗುರುಗಳು ನಗಲಿಲ್ಲ. "ದೇಹದ ಮಾತು ಸಣ್ಣ ಮಾತಲ್ಲ, ತಾಯಿ. ಕೂತುಕೋ," ಎಂದರು. ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಗಂಡ ಹೆಂಡಿರಿಗೆ ಒಬ್ಬಳೇ ಮಗಳು. ಕಂಡ ದೇವರಿಗೆಲ್ಲ ಹರಕೆ ಹೊತ್ತು ಪಡೆದ ಮಗು. ತಾಯಿಯ ಎಡತೋಳಿನ ಮೇಲೆ ತಲೆಯಿಟ್ಟರೇ ಅದಕ್ಕೆ ನಿದ್ದೆ. ತೊಟ್ಟಿಲು ಅಟ್ಟ ಸೇರಿ ಎಷ್ಟೋ ಕಾಲವಾಗಿತ್ತು, ಮಗು ಮಾತ್ರ ಆ ತೋಳನ್ನು ಬಿಟ್ಟಿರಲಿಲ್ಲ. ಉಣ್ಣುವಾಗಲೂ ತಾಯಿಯ ಪಕ್ಕದಲ್ಲೇ ಅದರ ಎಲೆ ಹಾಕಬೇಕು. ತನ್ನ ಎಲೆಯ ಬೆಲ್ಲ ಮುಗಿಸಿ ತಾಯಿಯ ಎಲೆಗೆ ಕೈ ಹಾಕುವುದು ಅದಕ್ಕೊಂದು ಆಟ. ಕಂಡರೂ ಕಾಣದಂತೆ ಇರುವುದು ತಾಯಿಯ ಆಟ.

ಮಗುವಿಗೆ ಜ್ವರ ಬಂತು. ವೈದ್ಯ ಬಂದು ನೋಡಿದ, ಔಷಧಿ ಕೊಟ್ಟ, ಹೋದ. ಒಂದು ಮಧ್ಯಾಹ್ನ ಮಗು ತಾಯಿಯ ತೋಳಿನ ಮೇಲೆ ಕಣ್ಣು ಮುಚ್ಚಿತು. ಎಷ್ಟೋ ದಿನದ ಮೇಲೆ ನಿದ್ದೆ ಹತ್ತಿತಲ್ಲ ಎಂದು ತಾಯಿ ತೋಳು ಅಲುಗಿಸದೆ ಕೂತಳು. ತೋಳು ಜೋಮು ಹಿಡಿಯಿತು. ಅಲುಗಿಸಲಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದ ಗಂಡ ಮಗುವಿನ ಹಣೆ ಮುಟ್ಟಿ ನೋಡಿ ಕೂಗಿಕೊಂಡ. ಆಮೇಲೂ ಅವಳು ತೋಳು ತೆಗೆಯಲಿಲ್ಲ. ನೆರೆಯ ಹೆಂಗಸರು ಬಂದು ಮಗುವನ್ನು ಬಿಡಿಸಿಕೊಳ್ಳಬೇಕಾಯಿತು.

ಎಳೆಯ ಮಕ್ಕಳಿಗೆ ಆ ಪೇಟೆಯಲ್ಲಿ ತಿಥಿ ಮಾಡುವ ಪದ್ಧತಿ ಇರಲಿಲ್ಲ. ಮಣ್ಣು ಮಾಡಿ ಬಂದು ಕಾಲು ತೊಳೆದರೆ ಮುಗಿಯಿತು. ಪೇಟೆ ಮುಗಿಸಿತು. ವ್ಯಾಪಾರಿ ಅಂಗಡಿಯ ಬಾಗಿಲು ತೆಗೆದ. ಅವನಿಗೂ ಸಂಕಟವಿತ್ತು. ಆದರೆ ಮಗುವಿನ ಮಾತು ಎತ್ತಿದರೆ ಹೆಂಡತಿಯ ಅಳು ಕೇಳಬೇಕಾಗುತ್ತದೆ, ಆ ಅಳುವಿನ ಜೊತೆ ತನ್ನದೂ ಹೊರಬರುತ್ತದೆ ಎಂದು ಅವನಿಗೆ ಹೆದರಿಕೆ. ಮನೆಗೆ ಬಂದರೆ ಬೆಲ್ಲದ ಧಾರಣೆಯ ಮಾತು, ಗಾಡಿಯ ಮಾತು. ಅಷ್ಟೇ.

ಹೆಂಡತಿ ಅಳಲಿಲ್ಲ. ಗಂಡ ಉಂಡು ಅಂಗಡಿಗೆ ಹೋದ ಮೇಲೆ ಎರಡು ಎಲೆ ಹಾಕಿದಳು. ಒಂದು ತನಗೆ, ಒಂದು ಪಕ್ಕಕ್ಕೆ. ಎರಡಕ್ಕೂ ಬಡಿಸಿದಳು. ತನ್ನದನ್ನು ಉಂಡಳು. ಪಕ್ಕದ್ದು ಹಾಗೇ ಇತ್ತು. ಮಗುವಿಗೆಂದು ಬಡಿಸಿದ್ದನ್ನು ಚೆಲ್ಲಲು ಅವಳಿಗೆ ಕೈ ಬರಲಿಲ್ಲ. ಅದನ್ನೂ ಉಂಡಳು. ಮರುದಿನವೂ ಹಾಗೇ ಆಯಿತು. ಆಮೇಲೆ ಅದೇ ರೂಢಿಯಾಯಿತು.

ಮೈ ಬೆಳೆಯಿತು. ಬಳೆ ಏರದಾಯಿತು, ರವಿಕೆ ಹಿಡಿಸದಾಯಿತು. ಬಾವಿಕಟ್ಟೆಯಲ್ಲಿ ಹೆಂಗಸರು ಅವಳಿಗೆ ಕೇಳುವಂತೆಯೇ ಆಡಿಕೊಂಡರು. "ಹೆತ್ತ ಮಗಳು ಹೋದರೆ ನಮಗಾದರೆ ನೀರೂ ಇಳಿಯುತ್ತಿರಲಿಲ್ಲ. ಇವಳು ನೋಡು, ಹಬ್ಬದ ಕಡುಬಿನ ಹಾಗೆ ಊದಿದ್ದಾಳೆ." ಅವಳು ಕೊಡ ಎತ್ತಿಕೊಂಡು ಮನೆಗೆ ಬಂದಳು. ನೆಂಟರ ಮದುವೆಗಳಿಗೆ ಗಂಡ ಒಬ್ಬನೇ ಹೋಗತೊಡಗಿದ. ಏಕೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಒಂದು ದಿನ ಅವಳು ಹಿತ್ತಲ ಮೆಟ್ಟಿಲಲ್ಲಿ ಕುಸಿದು ಬಿದ್ದಳು. ಮಗುವನ್ನು ನೋಡಿದ್ದ ವೈದ್ಯನೇ ಬಂದು ನಾಡಿ ಹಿಡಿದ. "ಹೀಗೇ ಉಂಡರೆ ಈಕೆ ಮುಂದಿನ ಸುಗ್ಗಿ ಕಾಣುವುದಿಲ್ಲ," ಎಂದ. ಅವಳಿಗೆ ಸಾವಿನ ಭಯವಿರಲಿಲ್ಲ. ಆದರೆ ವೈದ್ಯ ಹೋದ ಮೇಲೆ ಗಂಡ ಕಂಬಕ್ಕೆ ಒರಗಿ ಅತ್ತ. "ನೀನೂ ಹೋದರೆ ನಾನು ಯಾರ ಮುಖ ನೋಡಲಿ?" ಎಂದ. ಮಗು ಹೋದಾಗಲೂ ಅವನು ಹಾಗೆ ಅತ್ತದ್ದನ್ನು ಅವಳು ನೋಡಿರಲಿಲ್ಲ.

ಮರುದಿನ ಅವಳು ಒಂದೇ ಎಲೆ ಹಾಕಿದಳು.

ಪೇಟೆಯವರು ಅದನ್ನು ಪಥ್ಯವೆಂದರು. ಅವಳಿಗೆ ಅದು ಮಗಳನ್ನು ಇನ್ನೊಂದು ಸಲ ಮಣ್ಣು ಮಾಡಿದ ಹಾಗಿತ್ತು. ತುತ್ತು ಬಾಯಿಗಿಡುವಾಗ ಪಕ್ಕದ ಬರಿ ನೆಲದ ಕಡೆಗೆ ಕಣ್ಣು ಹೋಗುತ್ತಿತ್ತು. ಅರ್ಧ ಉಂಡು ಏಳುತ್ತಿದ್ದಳು. ಹಸಿವಾದರೆ ನೀರು ಕುಡಿಯುತ್ತಿದ್ದಳು. ಬೆಳಗ್ಗೆ ಕೆರೆ ಏರಿಯ ಮೇಲೆ ನಡೆಯುತ್ತಿದ್ದಳು. ವರುಷ ಕಳೆಯುವುದರೊಳಗೆ ಮೈ ಇಳಿಯಿತು. ಆಡಿಕೊಂಡ ಹೆಂಗಸರೇ ದಾರಿಯಲ್ಲಿ ತಡೆದು ನಿಲ್ಲಿಸಿ ಹೊಗಳಿದರು. "ಮದುಮಗಳ ಹಾಗಾದೆ ಕಣೇ," ಎಂದರು. ಹಾಗೆನ್ನುತ್ತಲೇ ಅವರ ಕಣ್ಣು ಅವಳ ತೋಳಿನ ಮೇಲೆ ನಿಂತಿತು. ಒಳಗಿನದು ಕರಗಿ ಹೋಗಿತ್ತು. ಹೊರಗಿನದು ಸುಕ್ಕುಗಟ್ಟಿ ಜೋತುಬಿದ್ದಿತ್ತು. ಕೈ ಎತ್ತಿದರೆ ಅಲ್ಲಾಡುತ್ತಿತ್ತು.

ಗಂಡನೂ ಕಂಡ. ಕೆಟ್ಟ ಮನಸ್ಸಿನಿಂದಲ್ಲ, ಸಂತೋಷದಿಂದಲೇ ಹೇಳಿದ. "ಎಲ್ಲ ಸರಿಯಾಯಿತು. ಇನ್ನು ತೋಳೊಂದು ಸರಿಹೋದರೆ ಸಾಕು."

ಆ ಮಾತನ್ನು ಅವಳು ಹಿಡಿದುಕೊಂಡಳು. ಮೈಯ ವಿಷಯವೊಂದು ಪೂರ್ತಿ ಮುಗಿದರೆ ಇವರೆಲ್ಲ ಮೈಯನ್ನು ನೋಡುವುದು ಬಿಡುತ್ತಾರೆ. ಆಗ ಗಂಡ ತನ್ನ ಮುಖ ನೋಡುತ್ತಾನೆ. ಆಗ ಮಗಳ ಮಾತು ಆಡಬಹುದು ಎಂದುಕೊಂಡಳು. ಅವಳು ತೋಳಿನ ಬೆನ್ನು ಹತ್ತಿದ್ದು ಅದಕ್ಕೇ. ಚೆಲುವೆಯಾಗಬೇಕೆಂದಲ್ಲ.

ಅವಳು ನೆರೆಮನೆಯ ಭತ್ತವನ್ನೂ ಕೇಳಿ ತಂದು ಕುಟ್ಟಿದಳು. ಆಳಿಗೆ ಬಿಡುವು ಕೊಟ್ಟು ತಾನೇ ನೀರು ಸೇದಿದಳು. ರಾಗಿ ಬೀಸಿದಳು. ಎಣ್ಣೆ ಕಾಯಿಸಿ ಹಚ್ಚಿ ತಿಕ್ಕಿದಳು. ಕಡಲೆಹಿಟ್ಟು ಕಲಸಿ ತೋಳಿಗೆ ಕಟ್ಟಿದಳು. ಯಾರು ಏನು ಹೇಳಿದರೋ ಅದನ್ನು ಮಾಡಿದಳು. ತೋಳು ಜೋತೇ ಇತ್ತು.

ಕೊನೆಗೆ ಅವಳು ಗರಡಿಮನೆಯ ಮುದಿ ಪೈಲ್ವಾನನ ಹತ್ತಿರ ಹೋದಳು. ಹೆಂಗಸರು ಗರಡಿಯ ಬಾಗಿಲಿಗೆ ಹೋಗುವ ಕಾಲವಲ್ಲ ಅದು. ಅವಳು ಹೊರಗೆ ಬೇವಿನ ಮರದ ಕೆಳಗೆ ನಿಂತಳು. ಅವನೇ ಎದ್ದು ಬಂದ. ಸೆರಗು ಸರಿಸಿ ತೋಳು ತೋರಿಸಿದಳು. ಅವನು ಮುಟ್ಟದೆ ನೋಡಿದ.

"ದಿನಾ ಕಲ್ಲೆತ್ತಬೇಕು, ತಂಗಿ. ತಲೆಯ ಹಿಂದಕ್ಕೆ ಇಳಿಸಿ ಮೇಲಕ್ಕೆತ್ತಬೇಕು. ಗೋಡೆಗೆ ಅಂಗೈ ಕೊಟ್ಟು ಮೈಯನ್ನು ನೂಕಬೇಕು. ಹೊಟ್ಟೆಗೆ ಬೇಳೆ, ಹಾಲು ಬೀಳಬೇಕು. ಒಳಗೆ ಮಾಂಸಖಂಡ ತುಂಬಿಕೊಂಡರೆ ತೋಳು ಎಷ್ಟೋ ಬಿಗಿಯಾಗುತ್ತದೆ."

"ಪೂರ್ತಿ ಆಗುವುದಿಲ್ಲವೇ, ಅಣ್ಣಾ?"

"ಸುಳ್ಳು ಹೇಳಲಾರೆ. ಹಿಗ್ಗಿದ ಚರ್ಮ ಸ್ವಲ್ಪ ಹಿಂದಕ್ಕೆ ಬರುತ್ತದೆ. ಸ್ವಲ್ಪ ಬರುವುದಿಲ್ಲ. ಬಾರದ್ದಕ್ಕೆ ನನ್ನ ಹತ್ತಿರ ಕಲ್ಲಿಲ್ಲ."

ಅವಳು ಕೈ ಮುಗಿದು ಬಂದಳು. ಅವನು ಹೇಳಿದಂತೆ ನಡೆದಳು. ಹಿತ್ತಲಲ್ಲಿ ದುಂಡನೆಯ ಕಲ್ಲೊಂದನ್ನು ಇಟ್ಟುಕೊಂಡು ಎತ್ತಿ ಇಳಿಸಿದಳು. ಬಲತೋಳು ಗಟ್ಟಿಯಾಯಿತು. ಮೊದಲು ಎತ್ತಲಾಗದ ಬೆಲ್ಲದ ಮೂಟೆಯನ್ನು ಒಬ್ಬಳೇ ಜರುಗಿಸುವಂತಾದಳು. ಎಡತೋಳು ಮಾತ್ರ ಹಿಂದೆ ಬಿತ್ತು. ಎಡಗೈಯಲ್ಲಿ ಕಲ್ಲೆತ್ತಿದರೆ ನಡುವೆಯೇ ಅವಳಿಗೆ ಅಳುಕು ಬರುತ್ತಿತ್ತು. ಅಲುಗಿಸಬಾರದು, ಅಲುಗಿಸಿದರೆ ಎಚ್ಚರವಾಗುತ್ತದೆ ಎನ್ನಿಸುತ್ತಿತ್ತು. ಎಚ್ಚರವಾಗಲು ಅಲ್ಲಿ ಯಾರೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಕಲ್ಲನ್ನು ಮೆಲ್ಲಗೆ ಕೆಳಗಿಡುತ್ತಿದ್ದಳು.

ಮಗು ಹೋದ ದಿನ ಮರಳಿ ಬಂತು. ಆ ದಿನವನ್ನು ಪೇಟೆಯಲ್ಲಿ ಯಾರೂ ನೆನಪಿಟ್ಟಿರಲಿಲ್ಲ. ಅವಳು ಬೆಲ್ಲದ ಪಾಯಸ ಮಾಡಿದಳು. ಬಹಳ ಕಾಲದ ಮೇಲೆ ಎರಡು ಎಲೆ ಹಾಕಿದಳು. ಈ ಸಲ ಗಂಡ ಅಂಗಡಿಗೆ ಹೋಗುವವರೆಗೆ ಕಾಯಲಿಲ್ಲ. ಒಳಗೆ ಕರೆದಳು. ಅವನು ಬಂದ. ಎಲೆ ನೋಡಿದ, ಪಾಯಸ ನೋಡಿದ. ಅವನಿಗೆ ತಿಳಿಯಿತು. ತಿಳಿದದ್ದು ಅವನ ಮುಖದಲ್ಲಿ ಅವಳಿಗೆ ಕಂಡಿತು.

"ಇವತ್ತಿಗೆ ನಮ್ಮ..." ಎಂದಳು.

"ಮತ್ತೆ ತಿನ್ನಲು ಶುರು ಮಾಡಿದೆಯಾ?" ಎಂದು ಅವನು ಮಾತು ತುಂಡರಿಸಿದ. "ಇಷ್ಟು ಕಷ್ಟಪಟ್ಟು ಇಳಿಸಿದ್ದೀಯ. ತೋಳಿನದೊಂದೇ ಬಾಕಿ. ಅದನ್ನು ನೋಡಿಕೋ."

ಇನ್ನೊಂದು ಗಳಿಗೆ ನಿಂತಿದ್ದರೆ ಅವನೂ ಎಲೆಯ ಮುಂದೆ ಕೂತುಬಿಡುತ್ತಿದ್ದನೇನೋ. ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದ. ಅವಳು ಎರಡು ಎಲೆಗಳ ನಡುವೆ ಬಹಳ ಹೊತ್ತು ಕೂತಿದ್ದಳು. ಆಮೇಲೆ ಬಡಿಸಿದ್ದನ್ನು ಬಡಿಸಿದ ಹಾಗೇ ಮಡಿಸಿ ಕೊಟ್ಟಿಗೆಗೆ ಒಯ್ದು ಹಸುವಿನ ಮುಂದೆ ಇಟ್ಟಳು.

ಅಂದಿನಿಂದ ಅವಳು ಆ ಮಾತು ಎತ್ತಲಿಲ್ಲ. ಹೇಳುವವರು ಹೇಳಿದಂತೆ ತಿಂದಳು, ಹೇಳಿದಂತೆ ಕಲ್ಲೆತ್ತಿದಳು. ಆದರೆ ಯಾವುದಕ್ಕಾಗಿ ಎತ್ತುತ್ತಿದ್ದಳೋ ಅದು ಇಲ್ಲವಾಗಿತ್ತು. ತೋಳು ಮುಚ್ಚುವ ರವಿಕೆ ಹೊಲಿಸಿಕೊಂಡಳು. ಬೀದಿಯಲ್ಲಿ ಸಿಕ್ಕವರು ಊಟವಾಯಿತೇ ಎಂದು ಕೇಳುವ ಹಾಗೆ "ತೋಳು ಹೇಗಿದೆ?" ಎಂದು ಕೇಳುತ್ತಿದ್ದರು. "ಪರವಾಗಿಲ್ಲ," ಎನ್ನುತ್ತಿದ್ದಳು. ಮನೆಯಲ್ಲಿ ಜಗಳವಿಲ್ಲ, ಅಳುವಿಲ್ಲ. ಹೆಂಡತಿ ಸಮಾಧಾನಕ್ಕೆ ಬಂದಳು ಎಂದುಕೊಂಡ ವ್ಯಾಪಾರಿ. ಅದೇ ಮನೆಯಲ್ಲಿ ಅವರಿಬ್ಬರೂ ಹಾಗೆಯೇ ಮುದುಕರಾದರು.

ಅವಳು ಹಾಸಿಗೆ ಹಿಡಿದಳು. ವ್ಯಾಪಾರಿ ಅಂಗಡಿಯನ್ನು ಮುಚ್ಚಿಯೇ ಬಿಟ್ಟು ಪಕ್ಕದಲ್ಲಿ ಕೂತ. ಅವಳನ್ನು ಪ್ರೀತಿಸದವನಲ್ಲ ಅವನು. ಸಾಯುವವಳಿಗೆ ಒಂದು ಒಳ್ಳೆಯ ಮಾತು ಹೇಳಬೇಕೆಂದು ಅವನ ಜೀವ ಹಂಬಲಿಸಿತು. ಏನು ಹೇಳಬೇಕೆಂದು ಹೊಳೆಯಲಿಲ್ಲ. ಎಣ್ಣೆ ತಂದು ಅವಳ ಎಡತೋಳನ್ನು ಮಡಿಲಲ್ಲಿ ಇಟ್ಟುಕೊಂಡು ಮೆಲ್ಲಗೆ ಸವರಿದ. ಅವಳು ಕಣ್ಣು ತೆರೆದಳು. ಅವನನ್ನು ನೋಡಿದಳು. ತುಟಿ ಅಲುಗಿತು.

"ನೋಡು, ಈಗ ಎಷ್ಟು ಬಿಗಿಯಾಗಿದೆ," ಎಂದ ಅವನು.

ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಮತ್ತೆ ಈ ಕಡೆ ತಿರುಗಲಿಲ್ಲ.

ಹೆಣಕ್ಕೆ ನೀರು ಹಾಕಲು ನೆರೆಯ ಹೆಂಗಸರು ಬಂದರು. ರವಿಕೆ ಬಿಚ್ಚಿದರು. ಎಷ್ಟೋ ವರ್ಷಗಳಿಂದ ಆ ತೋಳನ್ನು ಹೊರಗಿನವರು ಯಾರೂ ಕಂಡಿರಲಿಲ್ಲ. ಎಲ್ಲರೂ ಬಗ್ಗಿ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚೆನ್ನಾಜಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗುರುಗಳು ಮುಂದೆ ಹೇಳುತ್ತಾರೆಂದು ಕಾದಳು. ಅವರು ಹೇಳಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ.

"ಗುರುಗಳೇ, ಕೊನೆಗಾದರೂ ತೋಳು ಬಿಗಿಯಾಗಿತ್ತೇ?"

ಗುರುಗಳು ಅವಳನ್ನೇ ನೋಡಿದರು.

"ಆ ಮಗುವಿನ ಹೆಸರೇನೆಂದು ನೀನೂ ಕೇಳಲಿಲ್ಲವಲ್ಲ, ತಾಯಿ," ಎಂದರು.