ಗೆದ್ದಗದ್ದೆಗೆ ಹೆಸರಿಟ್ಟವನು

ಅಘನಾಶಿನಿ ಹೊಳೆ ಕಡಲು ಸೇರುವ ಮುನ್ನ ಒಮ್ಮೆ ಹೊರಳುವ ಕಡೆ, ಉದ್ದನೆಯ ಮಣ್ಣಿನ ಒಡ್ಡಿನೊಳಗೆ ಗಜನಿ ಭೂಮಿಯಿದೆ. ಉಬ್ಬರಕ್ಕೆ ಉಪ್ಪುನೀರು ಏರುವ ತಗ್ಗು ನೆಲ. ಅದರ ಹೆಸರು ಗೆದ್ದಗದ್ದೆ. ಪಕ್ಕದ ಕೊಪ್ಪದಲ್ಲಿ, ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ, ಹಿರಿಯರನ್ನು ಕೇಳಿದರೆ, ಹೆಸರಿಟ್ಟವರು ನಾವಲ್ಲ, ಸೋತವನೇ ಇಟ್ಟದ್ದು ಎನ್ನುತ್ತಾರೆ.

ಹಿಂದೆ, ಪಾಳೆಯಗಾರರ ಕಾಲದಲ್ಲಿ, ಹೊಸದಾಗಿ ಬಂದ ಪಾರುಪತ್ಯಗಾರನೊಬ್ಬನು ಬೇಸಿಗೆಯಲ್ಲಿ ಈ ನೆಲವನ್ನು ನೋಡಿದನಂತೆ. ಬರಿಯ ಕೆಸರು, ಅದರಲ್ಲಿ ಬಳಚು ಚಿಪ್ಪು ಆರಿಸುವ ಹೆಂಗಸರು. "ಪಾಳುಭೂಮಿ. ಇಲ್ಲಿ ಉಪ್ಪಿನ ಆಗರ ಮಾಡಿಸುತ್ತೇನೆ, ಕೊಪ್ಪ ತೆರವಾಗಲಿ" ಎಂದನು. ಗಂಡಸರು ತಲೆತಗ್ಗಿಸಿ ನಿಂತರು. ಬುಟ್ಟಿ ಕೆಳಗಿಟ್ಟು ಮುಂದೆ ಬಂದವಳು ಸೋಮಿ, ಕೊಪ್ಪದ ಬಿತ್ತನೆ ಬೀಜ ಕಾಯುತ್ತಿದ್ದ ಮುದುಕಿ.

"ಪಾಳು ಬಿದ್ದದ್ದು ಯಾವಾಗ, ಒಡೆಯಾ? ಮಳೆಗಾಲಕ್ಕೆ ಕಗ್ಗ ಭತ್ತ, ಚಳಿಗೆ ಸಿಗಡಿ, ಬೇಸಿಗೆಗೆ ಬಳಚು. ಈ ನೆಲ ಒಂದು ದಿನವೂ ಸುಮ್ಮನೆ ಕೂತದ್ದಿಲ್ಲ."

"ಉಪ್ಪುನೀರಲ್ಲಿ ಭತ್ತವೇ?" ಅವನು ನಕ್ಕನು. "ಬೆಳೆದು ತೋರಿಸು. ತೆನೆ ನಿಂತಷ್ಟು ನೆಲ ನಿಮ್ಮದು."

ಮಳೆ ಹಿಡಿಯಿತು, ಬಿತ್ತಿದರು. ಪೈರು ಮೊಣಕಾಲೆತ್ತರ ಬಂದಾಗ, ಶ್ರಾವಣದ ಅಮಾವಾಸ್ಯೆಯ ಉಬ್ಬರಕ್ಕೆ ಸರಿಯಾಗಿ ಪಾರುಪತ್ಯಗಾರನ ಆಳುಗಳು ಒಡ್ಡು ಕಡಿದರು. ಕಡಲು ನುಗ್ಗಿತು, ಹಸಿರು ಎಸಳೊಂದೂ ಕಾಣದಂತೆ ಎಲ್ಲವೂ ಮುಳುಗಿತು. ಜನ ಗಂಟುಮೂಟೆ ಕಟ್ಟತೊಡಗಿದರು. "ಮೊದಲು ಒಡ್ಡು ಕಟ್ಟಿ, ಗಂಟು ಆಮೇಲೆ ಕಟ್ಟುವಿರಂತೆ" ಎಂದು ಸೋಮಿ ಗದರಿದಳು. ಒಳಗೊಳಗೆ ಅವಳಿಗೂ ಅಂಜಿಕೆಯೇ. ಕಗ್ಗ ಮುಳುಗಿಯೂ ಏಳುತ್ತದೆಂದು ಅಜ್ಜಿಯ ಬಾಯಲ್ಲಿ ಕೇಳಿದ್ದಳೇ ಹೊರತು ಕಣ್ಣಾರೆ ಕಂಡವಳಲ್ಲ. ದಿನವೂ ಎದೆಮಟ್ಟದ ನೀರಿಗಿಳಿದು ಕಾಲ್ಬೆರಳಿನಿಂದ ಬುಡ ತಡವುವಳು, ಬೇರು ಇನ್ನೂ ನೆಲದ ಹಿಡಿತ ಬಿಟ್ಟಿರಲಿಲ್ಲ. ಒಂಬತ್ತನೆಯ ದಿನ ಒಡ್ಡು ಕಟ್ಟಿ ಮುಗಿಸಿ, ಇಳಿತಕ್ಕೆ ತೂಬು ತೆರೆದು ನೀರು ಹೊರಬಿಟ್ಟರು. ಕೆಸರು ಮೆತ್ತಿಕೊಂಡ ಪೈರು ನೆಲಕ್ಕೊರಗಿತ್ತು. ಎರಡು ಮಳೆ ಬಿದ್ದದ್ದೇ ತಡ, ಒಂದೊಂದಾಗಿ ತಲೆಯೆತ್ತಿತು!

ಕಾರ್ತಿಕದಲ್ಲಿ ಪಾರುಪತ್ಯಗಾರನು ದೋಣಿಯಲ್ಲಿ ಬಂದಾಗ ಹೆಂಗಸರು ಸೊಂಟಮಟ್ಟದ ನೀರಲ್ಲಿ ನಿಂತು, ಪದ ಹಾಡುತ್ತ ತೆನೆ ಕೊಯ್ಯುತ್ತಿದ್ದರು. ಅವನು ನೀರನ್ನು ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಮುಟ್ಟಿಸಿ ಉಗುಳಿದನು. ತೆನೆಯೊಂದನ್ನು ಉಜ್ಜಿ ಕೆಂಪಕ್ಕಿ ಬಾಯಿಗೆ ಹಾಕಿಕೊಂಡನು, ಅದನ್ನು ಉಗುಳಲಿಲ್ಲ.

"ಒಡ್ಡು ಕಡಿಸಿದವನು ನಾನೇ" ಎಂದನು. "ಕಡಲನ್ನೇ ಗೆದ್ದ ಗದ್ದೆ ಇದು. ನಿಮ್ಮದೇ."

"ಕಡಲು ನಮ್ಮ ನೆಂಟ, ಒಡೆಯಾ. ಗದ್ದೆ ಗೆದ್ದದ್ದು ನಿಮ್ಮನ್ನು" ಎಂದಳು ಸೋಮಿ. ಕೊಯ್ಲಿನ ಸಾಲೆಲ್ಲ ಗೊಳ್ಳೆಂದಿತು. ಅವನೂ ನಕ್ಕು, ಗದ್ದೆಯ ಗಡಿಯಲ್ಲಿ ತೆನೆ ಕೆತ್ತಿದ ಕಲ್ಲು ನೆಡಿಸಿ ಹೋದನಂತೆ.

ತೆನೆಯ ಗುರುತು ಸವೆದ ಆ ಕಲ್ಲು ಈಗಲೂ ಇದೆ. ಚಳಿಗಾಲದಲ್ಲಿ ಬಂದವರು ಒಡ್ಡಿನ ಮೇಲೆ ನಿಂತು, ಕಣ್ಣು ಹರಿದಷ್ಟೂ ನೀರು ಕಂಡು, "ಗದ್ದೆ ಎಲ್ಲಿ?" ಎನ್ನುತ್ತಾರೆ. ಸಿಗಡಿಗೆ ಬಲೆ ಬಿಡುತ್ತಿರುವ ಹೆಂಗಸರು ನೀರನ್ನೇ ತೋರಿಸಿ ನಗುತ್ತಾರೆ.