ಬಿಸಿಯಾದ ಬ್ಯಾಟರಿ

"ಗುರುಗಳೇ, ಗುರುಬಸವನ ಉಪವಾಸವನ್ನು ಇನ್ನಷ್ಟು ದಿನ ಮುಂದುವರಿಸಲೇ?" ಎಂದು ಶಾಂತವೀರ ಕೇಳಿದ.

ಗುರುಬಸವ ಮಠಕ್ಕೆ ಹೊಸದಾಗಿ ಸೇರಿದವನು. ಅವನನ್ನು ತಿದ್ದುವ ಹೊಣೆ ಶಾಂತವೀರನದು. ತಾನು ಹಿಂದೆ ಹಿಡಿದ ವ್ರತವನ್ನೇ ಶಾಂತವೀರ ಅವನಿಗೂ ಹಿಡಿಸಿದ್ದ. ಈಗ ಗುರುಬಸವನ ಮೈ ಕಾದಿತ್ತು, ಕಣ್ಣು ಕೆಂಪಾಗಿತ್ತು, ಎದ್ದು ಕೂರಲು ಗೋಡೆಯ ಆಸರೆ ಬೇಕಿತ್ತು.

"ನನಗೂ ಹೀಗೇ ಆಗಿತ್ತು. ಅದಾದ ಮೇಲೆಯೇ ಮನಸ್ಸು ತಿಳಿಯಾದದ್ದು. ಇದು ಸಾಧನೆ ಫಲಿಸುವ ಲಕ್ಷಣ" ಎಂದು ಶಾಂತವೀರ ಹೆಮ್ಮೆಯಿಂದ ಹೇಳಿದ. ಒಬ್ಬನನ್ನು ತಯಾರು ಮಾಡುತ್ತಿದ್ದೇನೆ ಎಂದುಕೊಂಡವನಿಗೆ ಅಷ್ಟು ಹೆಮ್ಮೆ ಇದ್ದೇ ಇರುತ್ತದೆ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದ. ಆಸಿಡ್ ಬ್ಯಾಟರಿಯ ವಿಷಯದಲ್ಲಿ ಅವನದು ಪಳಗಿದ ಕೈ. ಮೀಟರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಚಾರ್ಜಿಗೆ ಹಾಕಿದ ಬ್ಯಾಟರಿಯೊಳಗೆ ಗುಳ್ಳೆ ಎದ್ದು ಮೈ ಬೆಚ್ಚಗಾದರೆ, ತುಂಬುತ್ತ ಬಂತು ಎಂದು ಮುಟ್ಟಿಯೇ ಹೇಳುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ.

ಒಂದು ದಿನ ಒಬ್ಬ ಆಟೋದವನು ಹೊಸ ಬಗೆಯ ಲಿಥಿಯಂ ಬ್ಯಾಟರಿ ತಂದ. ಅವನ ಆಟೋ ಓಡುತ್ತಿದ್ದುದು ಅದರಿಂದಲೇ, ಮನೆಯ ಒಲೆ ಉರಿಯುತ್ತಿದ್ದುದೂ ಅದರಿಂದಲೇ. ಅದರ ಚಾರ್ಜರನ್ನೂ ಪಕ್ಕದಲ್ಲಿಟ್ಟು, "ಅಣ್ಣಾ, ಇದಕ್ಕೆ ಇದನ್ನೇ ಹಾಕ್ಬೇಕಂತೆ" ಎಂದ.

"ನನ್ನ ತಲೆ ನರೆತಿದ್ದೇ ಬ್ಯಾಟರಿ ಮುಂದೆ ಕಣಯ್ಯಾ. ನೀನು ಹೋಗಿ ಊಟ ಮಾಡ್ಕೊಂಡು ಬಾ" ಎಂದ ವ್ಯಾಪಾರಿ.

ಆಟೋದವನು ಅತ್ತ ಹೋದ. ವ್ಯಾಪಾರಿ ತನ್ನ ಹಳೆಯ ಚಾರ್ಜರನ್ನೇ ಸಿಕ್ಕಿಸಿದ. ಸ್ವಲ್ಪ ಹೊತ್ತಿಗೆ ಮುಟ್ಟಿ ನೋಡಿದ, ಬೆಚ್ಚಗಿತ್ತು. ಅವನಿಗೆ ಖುಷಿಯಾಯಿತು. ಮತ್ತೆ ಮುಟ್ಟಿದಾಗ ಕೈ ಸುಡುವಷ್ಟು ಬಿಸಿ, ಬ್ಯಾಟರಿಯ ಹೊಟ್ಟೆಯೂ ಉಬ್ಬಿತ್ತು. ಇನ್ನೇನು ತುಂಬುತ್ತ ಬಂತು, ಸ್ವಲ್ಪ ಜಾಸ್ತಿ ಕೊಟ್ಟರೆ ಮುಗಿಯಿತು ಎಂದು ಚಾರ್ಜರಿನ ತಿರುಪು ತಿರುಗಿಸಿ ಕರೆಂಟು ಹೆಚ್ಚಿಸಿದ. ಬ್ಯಾಟರಿ ಬೆಂಕಿ ಕಾರಿತು. ವ್ಯಾಪಾರಿ ಸುಟ್ಟ ಕೈ ಹಿಡಿದುಕೊಂಡು ಬೀದಿಗೆ ಓಡಿದ. ಅಂಗಡಿ ಉಳಿಯಲಿಲ್ಲ.

ಊಟ ಮುಗಿಸಿ ಬಂದ ಆಟೋದವನು ಬೂದಿಯ ಮುಂದೆ ನಿಂತ. "ಬಿಸಿಯಾಗಿದ್ದು ನಿಮ್ಗೆ ಗೊತ್ತೇ ಆಗ್ಲಿಲ್ವಾ ಅಣ್ಣಾ?" ಎಂದು ಕೇಳಿದ.

"ಗೊತ್ತಾಯ್ತಪ್ಪಾ. ಗೊತ್ತಾಗಿದ್ದಕ್ಕೇ ಇನ್ನೂ ಜಾಸ್ತಿ ಕೊಟ್ಟೆ" ಎಂದ ವ್ಯಾಪಾರಿ.

ಕತೆ ಮುಗಿಯಿತು. ಶಾಂತವೀರನಿಗೆ ವ್ಯಾಪಾರಿಯ ಮೇಲೆ ಸಿಟ್ಟು ಬಂತು. "ಎಂಥ ಮೂರ್ಖ! ಹಳೆಯ ಬ್ಯಾಟರಿಯ ಲಕ್ಷಣವನ್ನು ಹೊಸದರಲ್ಲಿ ಹುಡುಕಿದರೆ ಇನ್ನೇನಾಗುತ್ತದೆ?" ಎಂದ.

ಗುರುಗಳು ಹೇಳಿದರು: "ಎದ್ದು ಹೋಗಿ ಗುರುಬಸವನಿಗೆ ಗಂಜಿ ಕುಡಿಸು."