ಮೊಗ್ಗು ಬಿಡದ ಕುಂಡ

ಬೆಟ್ಟದ ಮೇಲಿನ ಬಂಗಲೆಯ ತೋಟದಲ್ಲಿ ಒಂದು ತಗಡಿನ ಶೆಡ್ಡು. ಮಾಲಿ ದ್ಯಾವಯ್ಯ ಅದರಲ್ಲೇ ಇದ್ದ, ಸದಾ ಕೆಮ್ಮುವ ಹೆಂಡತಿ ಹೊನ್ನಿಯ ಜೊತೆ. ಕರೆಂಟಿಲ್ಲ, ಬೆಂಕಿ ಹಾಕುವ ಹಾಗಿಲ್ಲ. ಬಿಸಿಗೆಂದು ಲಾಯದ ಕುದುರೆ ಲದ್ದಿ ಕೇಳಿದ್ದಕ್ಕೆ ಧಣಿಗಳು, "ಅದು ಗುಲಾಬಿಗೆ. ನೀನು ಕಂಬಳಿ ಹೊದ್ಕೊ," ಅಂದಿದ್ದರು.

ಆ ಮಾಗಿಯಲ್ಲಿ ಧಣಿಗಳಿಗೆ ಪರದೇಶದ ಆರ್ಕಿಡ್ ಕುಂಡಗಳು ಬಂದವು. ಎಲ್ಲವನ್ನೂ ಶೆಡ್ಡಿಗೆ ತಂದಿಡಿಸಿದರು.

"ಇವಕ್ಕೆ ಚಳಿ ಆಗಬಾರದು, ಹೊಗೆ ತಾಗಬಾರದು. ಒಂದು ಸತ್ತರೂ ನೀನು ಬೆಟ್ಟ ಇಳಿ!"

"ಹಾಗಾದ್ರೆ ಲದ್ದಿ ಬೇಕು ಬುದ್ಧಿ."

"ಎಷ್ಟು ಬೇಕೋ ತಗೊ!"

ದ್ಯಾವಯ್ಯ ಹಸಿ ಲದ್ದಿಗೆ ತರಗೆಲೆ ಬೆರೆಸಿ, ನೀರು ಚಿಮುಕಿಸಿ, ತಗಡಿನ ಹೊರಗೆ ಸುತ್ತಲೂ ಎದೆಮಟ್ಟ ಒಟ್ಟಿದ. ಗುಡ್ಡೆ ಒಳಗೊಳಗೇ ಕಾದು ಹಬೆಯಾಡಿತು. ಮೂಗು ಮುಚ್ಚಿಕೊಂಡು ಬಂದ ಧಣಿಗಳು ಒಳಗೆ ಕೋಟು ಬಿಚ್ಚಿ, "ಭಲೇ!" ಅಂದರು. ಮೂಲೆಯಲ್ಲಿ ಹೊನ್ನಿ ಕೆಮ್ಮಿಲ್ಲದೆ ನಿದ್ದೆಹೋಗಿದ್ದಳು. ಅವರ ಕಣ್ಣಿಗೆ ಬೀಳಲಿಲ್ಲ.

ಹೂ ಬಿಟ್ಟ ಕುಂಡಗಳೆಲ್ಲ ಬಂಗಲೆಯ ಹಜಾರ ಸೇರಿದವು. ಚಳಿ ಇನ್ನೂ ಹೋಗಿರಲಿಲ್ಲ. ಧಣಿಗಳು ಶೆಡ್ಡಿನ ಹೊರಗೇ ನಿಂತು ಹೇಳಿದರು:

"ಲದ್ದಿ ತೆಗೆದು ಗುಲಾಬಿಗೆ ಹಾಕು. ಇನ್ನು ಒಳಗೆ ಬೆಚ್ಚಗಿಡೋಕೆ ಯಾರಿದ್ದಾರೆ?"

ದ್ಯಾವಯ್ಯ ಬಾಗಿಲಿಂದ ಹೆಂಡತಿಯ ಕಡೆ ನೋಡಿದ.

"ಒಂದು ಕುಂಡ ಉಳಿದದೆ ಬುದ್ಧಿ. ಇನ್ನೂ ಮೊಗ್ಗು ಬಿಟ್ಟಿಲ್ಲ."

"ಹೌದೇ? ಹಾಗಾದ್ರೆ ಲದ್ದಿ ಇರಲಿ."

ಅವರು ಅತ್ತ ಹೋದದ್ದೇ, ದ್ಯಾವಯ್ಯ ಬೇಲಿಯ ಕಳೆಗಿಡವೊಂದನ್ನು ಕಿತ್ತು ತಂದು, ಒಡಕು ಕುಂಡದಲ್ಲಿ ನೆಟ್ಟು, ಹೊನ್ನಿಯ ತಲೆದೆಸೆಯಲ್ಲಿಟ್ಟ. ಹೂವನ್ನಷ್ಟೇ ನೋಡಿದ ಧಣಿಗಳಿಗೆ ಎಲೆಯ ಗುರುತು ಎಲ್ಲಿಂದ ಬರಬೇಕು?

ಈಗ ವಾರಕ್ಕೊಮ್ಮೆ ಬಂದು, ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಳೆಯ ಎಲೆ ಸವರುತ್ತಾರೆ.

"ಪಾಪ, ಬಲು ಸೂಕ್ಷ್ಮ ಕಣೋ. ಚಳಿಗೆ ಬಿಟ್ಟರೆ ಬದುಕೋದಿಲ್ಲ."

"ಹೌದು ಬುದ್ಧಿ," ಅನ್ನುತ್ತಾನೆ ದ್ಯಾವಯ್ಯ, ಹೊನ್ನಿಯ ಕಂಬಳಿ ಸರಿಮಾಡುತ್ತ.